ಬಕೆಟ್ ತುಂಬಲು 40 ಸೆಕೆಂಡು: ಅಬ್ಬಿ ನೀರಿನ ಪೈಪಿಗೊಂದು ಗಣಿತ ಮಾದರಿ

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಬಿಎಸ್ಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಜನವರಿಯ ಒಂದು ದಿನ ಕೊನೆಯ ವರ್ಷದ ಒಬ್ಬಳು ಹುಡುಗಿ ಬಂದು, "ಸಾರ್, ನಮ್ಮನೆ ನೀರಿನ ಪೈಪಿನ ಲೆಕ್ಕ ಮಾಡ್ಬಹುದಾ?" ಎಂದಳು. ಪ್ರಾಜೆಕ್ಟಿಗೆ ಅಲ್ಲಿಯವರೆಗೆ ಲೋಲಕ, ಸ್ಪ್ರಿಂಗು, ಮತ್ತೆ ಲೋಲಕ ಅಂತ ನೋಡಿ ನೋಡಿ ನನಗೂ ಸಾಕಾಗಿತ್ತು. ಒಪ್ಪಿಕೊಂಡೆ.

ಅವಳ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ. ಮಲೆನಾಡಿನ ಎಷ್ಟೋ ಮನೆಗಳ ಹಾಗೆ ಅಲ್ಲೂ ಮೋಟಾರಿಲ್ಲ. ಗುಡ್ಡದ ಮೇಲೆ ಅಬ್ಬಿ, ಎಂದರೆ ನೀರಿನ ಒರತೆ, ಇದೆ. ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬರುತ್ತಿದ್ದ ನೀರು ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ಹಗಲು ರಾತ್ರಿ ಟ್ಯಾಂಕಿಗೆ ಬೀಳುತ್ತಲೇ ಇರುತ್ತದೆ. ತುಂಬಿ ಹೆಚ್ಚಾದದ್ದು ತೋಟಕ್ಕೆ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಮನೆಯವರು ಅಬ್ಬಿಯ ನೀರು ನಿಲ್ಲುವ ಮೇಲಿನ ಹೊಂಡದ ಕೆಸರು ಎತ್ತಿ, ಪೈಪು ಬಿಚ್ಚಿ ತೊಳೆದು, ಮತ್ತೆ ಜೋಡಿಸಿದ್ದರು. ಅಂದಿನಿಂದ ನೀರು ಕಡಿಮೆ. ಹೊಂಡ ಮಾತ್ರ ತುಂಬಿ ಹೊರಗೆ ಚೆಲ್ಲುತ್ತಿದೆ. ಎಂದರೆ ಮೇಲೆ ನೀರಿಗೆ ಕೊರತೆಯಿಲ್ಲ, ಕೆಳಗೆ ಬರುತ್ತಿಲ್ಲ.

ಕಾರಣ ಹೇಳುವವರಿಗೂ ಕೊರತೆ ಇರಲಿಲ್ಲ. ಅವಳ ಅಪ್ಪನ ಪ್ರಕಾರ ಎಲ್ಲೋ ಎಲೆ ಕಸ ಕಚ್ಚಿಕೊಂಡಿದೆ. ಚಿಕ್ಕಪ್ಪನ ಪ್ರಕಾರ ಪೈಪು ಹಳೆಯದು, ಒಳಗೆ ಪಾಚಿ. ಅಜ್ಜ ಮಾತ್ರ ನಾವು ಅಂಗಳಕ್ಕೆ ಕಾಲಿಟ್ಟ ಕೂಡಲೇ ಹೇಳಿದರು: "ಗಾಳಿ ಹಿಡಿದಿದೆ ಮೇಷ್ಟ್ರೆ, ಅಷ್ಟೆ." ಎಲ್ಲಿ ಹಿಡಿದಿದೆ ಅಜ್ಜಯ್ಯ ಎಂದು ಕೇಳಿದೆ. "ಅದು ಗೊತ್ತಿದ್ರೆ ನಿಮ್ಮನ್ನ್ಯಾಕೆ ಕರೀತಿದ್ವಿ?"

ಮೊದಲು ಅಳತೆ. ಟ್ಯಾಂಕಿನ ಬಾಯಲ್ಲಿ 20 ಲೀಟರ್ ಬಕೆಟ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿದೆವು. ಹತ್ತು ಸಲ ಮಾಡಿದಾಗ ಸರಾಸರಿ 40 ಸೆಕೆಂಡು, ಆಚೀಚೆ ಒಂದು ಸೆಕೆಂಡು. ಸೆಕೆಂಡಿಗೆ ಅರ್ಧ ಲೀಟರ್. ಪೈಪಿನ ಉದ್ದ ಟೇಪಿನಲ್ಲಿ 420 ಮೀಟರ್, ಒಳವ್ಯಾಸ ಸ್ಕೇಲಿನಲ್ಲಿ 26 ಮಿ.ಮೀ. ಎತ್ತರಕ್ಕೆ ಮೊಬೈಲನ್ನು ನಂಬುವ ಹಾಗಿಲ್ಲ. ಮರಗಳ ಕೆಳಗೆ ಅದು ಒಂದು ಸಲ ತೋರಿಸಿದ್ದನ್ನು ಇನ್ನೊಂದು ಸಲ ತೋರಿಸುವುದಿಲ್ಲ. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಬಳಸುತ್ತಾರಲ್ಲ, ಅದನ್ನೇ ತಂದೆವು. ಆಳುದ್ದದ ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಹತ್ತಿ, ಎತ್ತರ ಕೂಡಿಸುತ್ತಾ ಹೋದೆವು. ಅರ್ಧ ದಿನ ಹಿಡಿಯಿತು. ಹೊಂಡದ ನೀರಿನಿಂದ ಟ್ಯಾಂಕಿನ ಬಾಯಿಗೆ 24 ಮೀಟರ್. ಮಳೆಗಾಲದಲ್ಲಾಗಿದ್ದರೆ ಈ ಕೆಲಸಕ್ಕೆ ಉಂಬಳಗಳ (ರಕ್ತ ಹೀರುವ ಜಿಗಣೆಗಳ) ಲೆಕ್ಕವನ್ನೂ ಸೇರಿಸಬೇಕಿತ್ತು.

ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಮೊದಲು ಬಂದ ಸೂತ್ರ ಎಲ್ಲರಿಗೂ ಗೊತ್ತಿದ್ದದ್ದೇ. 17ನೇ ಶತಮಾನದ ಟಾರಿಸೆಲ್ಲಿಯದು. ಎತ್ತರದ ಶಕ್ತಿಯೆಲ್ಲ ವೇಗವಾಗುತ್ತದೆ ಎಂದುಕೊಂಡರೆ ವೇಗ = √(2 × 9.8 × 24), ಅಂದರೆ ಸೆಕೆಂಡಿಗೆ 21.7 ಮೀಟರ್. ಆ ವೇಗದಲ್ಲಿ ಬಕೆಟ್ ಎರಡು ಸೆಕೆಂಡಿನೊಳಗೆ ತುಂಬಬೇಕು. ಇಡೀ ಕ್ಲಾಸು ನಕ್ಕಿತು. ಆದರೆ ಸೂತ್ರದ್ದೇನೂ ತಪ್ಪಿಲ್ಲ. ಟ್ಯಾಂಕಿನ ಗೋಡೆಯಲ್ಲಿ ಸಣ್ಣ ತೂತು ಮಾಡಿ ನೋಡಿ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಲ್ಲಿ ನೀರು ಗೋಡೆಯನ್ನು ಒಂದು ಕ್ಷಣ ಸವರಿ ಹೊರಗೆ ಬರುತ್ತದೆ. ಇಲ್ಲಿ 420 ಮೀಟರ್ ಉಜ್ಜಿಕೊಂಡು ಬರಬೇಕು.

"ಹಾಗಾದ್ರೆ ಸ್ನಿಗ್ಧತೆ ಸೇರಿಸೋಣ" ಎಂದ ಒಬ್ಬ. ಸ್ನಿಗ್ಧತೆ ಎಂದರೆ ಹರಿಯುವ ದ್ರವದೊಳಗಿನ ಘರ್ಷಣೆ. ಅವರಿಗೆ ಪಠ್ಯದಲ್ಲಿದ್ದದ್ದು ಪ್ವಾಸೇಯ ಸೂತ್ರ. ಪ್ವಾಸೇ ವೈದ್ಯಶಾಸ್ತ್ರ ಕಲಿತವನು. 19ನೇ ಶತಮಾನದ ಮೊದಲರ್ಧದಲ್ಲಿ, ರಕ್ತ ಹರಿಯುವ ಸಣ್ಣ ನಾಳಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ಪ್ರಯೋಗ ಮಾಡಿದ. ಅದರ ಪ್ರಕಾರ ಹರಿವು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ನಮ್ಮ ಅಂಕಿಗಳನ್ನು ಹಾಕಿದರೆ ಸೆಕೆಂಡಿಗೆ 7 ಲೀಟರ್. ಬಕೆಟ್ ಮೂರು ಸೆಕೆಂಡಿಗೆ ತುಂಬಬೇಕು. ಘರ್ಷಣೆ ಸೇರಿಸಿದ ಮೇಲೂ ಉತ್ತರ ಹದಿನಾಲ್ಕು ಪಟ್ಟು ಜಾಸ್ತಿ.

ಇಲ್ಲಿ ನಾನು ಒಂದು ಇಡೀ ತರಗತಿ ನಿಂತೆ. ಯಾಕೆಂದರೆ ಈ ಉತ್ತರ ತಪ್ಪು ಎಂದು ತಿಳಿಯಲು ಬಕೆಟ್ ಕೂಡ ಬೇಕಿಲ್ಲ. 7 ಲೀಟರ್ ಎಂದರೆ ಪೈಪಿನೊಳಗೆ ವೇಗ ಸೆಕೆಂಡಿಗೆ 13 ಮೀಟರ್. ಆ ವೇಗಕ್ಕೆ ರೆನಾಲ್ಡ್ಸ್ ಸಂಖ್ಯೆ (ಸಾಂದ್ರತೆ × ವೇಗ × ವ್ಯಾಸ ÷ ಸ್ನಿಗ್ಧತೆ; ಹರಿವು ನಯವೋ ಕದಡಿದ್ದೋ ಎಂದು ಹೇಳುವ ಅಳತೆ) ಮೂರೂವರೆ ಲಕ್ಷ ದಾಟುತ್ತದೆ. ಪ್ವಾಸೇಯ ಸೂತ್ರ ಕಟ್ಟಿರುವುದೇ ನೀರು ಪದರ ಪದರವಾಗಿ ಸದ್ದಿಲ್ಲದೆ ಹರಿಯುತ್ತದೆ ಎಂಬ ನಂಬಿಕೆಯ ಮೇಲೆ. ಪೈಪಿನಲ್ಲಿ ಈ ಸಂಖ್ಯೆ ಸುಮಾರು 2,300ರ ಒಳಗಿದ್ದರೆ ಆ ನಂಬಿಕೆ ಸರಿ. ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆಯೊಂದನ್ನು ಹರಿಸಿ, ಅದು ಯಾವಾಗ ಕದಡಿ ಚದುರುತ್ತದೆ ಎಂದು ತೋರಿಸಿದ್ದು ಇದನ್ನೇ. ನಮ್ಮ ಮಾದರಿ ಕೊಟ್ಟ ಉತ್ತರವೇ ಮಾದರಿಯ ಬುಡವನ್ನು ಕಡಿಯುತ್ತಿದೆ. ಉತ್ತರ ಬಂದ ಮೇಲೆ ಅದನ್ನು ಹಿಡಿದುಕೊಂಡು ಮೊದಲ ಸಾಲಿನ ಊಹೆಗಳಿಗೆ ವಾಪಸ್ ಹೋಗುವ ಅಭ್ಯಾಸ ನಮ್ಮ ಮಕ್ಕಳಿಗೆ ಯಾರೂ ಹಾಕಿಸುವುದಿಲ್ಲ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಇಲ್ಲ, ಅಲ್ವಾ?

ಸೂತ್ರ ಹುಡುಕುವುದನ್ನು ನಿಲ್ಲಿಸಿ, ಸುಮ್ನೆ ಯೋಚಿಸಿ ಎಂದೆ. ಕದಡಿ ಹರಿಯುವ ನೀರು ಗೋಡೆಗೆ ಉಜ್ಜುವ ಬಲ ಯಾವುದನ್ನು ಅವಲಂಬಿಸುತ್ತದೆ? ಮುಖ್ಯವಾಗಿ ಸಾಂದ್ರತೆ, ಮತ್ತೆ ವೇಗದ ವರ್ಗ. ಆ ಬಲ ಪೈಪಿನ ಒಳಗೋಡೆಯ ಉದ್ದಕ್ಕೂ ಎಳೆಯುತ್ತದೆ. ನೀರನ್ನು ಮುಂದಕ್ಕೆ ತಳ್ಳುವುದು 24 ಮೀಟರಿನ ಒತ್ತಡ, ಅದು ಪೈಪಿನ ಅಡ್ಡಕೊಯ್ತದ ಮೇಲೆ ಬೀಳುತ್ತದೆ. ವೇಗ ಒಂದೇ ಸಮ ಇದ್ದಾಗ ಎರಡೂ ಸಮ. ಇಷ್ಟನ್ನು ಬರೆದರೆ ವೇಗ = ಒಂದು ಸಂಖ್ಯೆ × √(ಗುರುತ್ವ × ವ್ಯಾಸ × ಎತ್ತರ ÷ ಉದ್ದ) ಎಂದು ತಾನಾಗಿ ಬರುತ್ತದೆ. ವರ್ಗಮೂಲದ ಬೆಲೆ ಸೆಕೆಂಡಿಗೆ 0.12 ಮೀಟರ್. ಮುಂದಿರುವ ಸಂಖ್ಯೆಯನ್ನು ಮಾತ್ರ ಯೋಚನೆಯಿಂದ ತೆಗೆಯಲಾಗುವುದಿಲ್ಲ, ಅದು ಪ್ರಯೋಗದಿಂದಲೇ ಬರಬೇಕು. 19ನೇ ಶತಮಾನದಲ್ಲಿ ವೈಸ್‌ಬಾಖ್ ಮತ್ತು ಡಾರ್ಸಿ ದುಡಿದದ್ದು ಇದಕ್ಕೇ. ಡಾರ್ಸಿ ಫ್ರಾನ್ಸಿನ ಡಿಜಾನ್ ಊರಿಗೆ ನೀರು ತಂದ ಎಂಜಿನಿಯರ್. ಅವನ ತಲೆನೋವೂ ನಮ್ಮದರ ಹಾಗೇ ಇತ್ತು, ಊರು ದೊಡ್ಡದು ಅಷ್ಟೆ.

ನುಣುಪಾದ ಪೈಪಿಗೆ ಬ್ಲಾಸಿಯಸ್ 1913ರಲ್ಲಿ ಕೊಟ್ಟ ಸರಳ ಸೂತ್ರವಿದೆ: ಘರ್ಷಣೆಯ ಗುಣಾಂಕ = 0.316 ÷ ರೆನಾಲ್ಡ್ಸ್ ಸಂಖ್ಯೆಯ ನಾಲ್ಕನೇ ಮೂಲ. ನಮ್ಮ ವರ್ಗಮೂಲದ ಮುಂದಿದ್ದ ಸಂಖ್ಯೆ ಎಂದರೆ √(2 ÷ ಗುಣಾಂಕ). ತೊಂದರೆ ಏನೆಂದರೆ, ವೇಗ ಗೊತ್ತಾಗಲು ಗುಣಾಂಕ ಬೇಕು, ಗುಣಾಂಕಕ್ಕೆ ವೇಗ ಬೇಕು. ಹುಡುಗರು ತಬ್ಬಿಬ್ಬಾದರು. ಒಂದು ಅಂದಾಜು ಹಿಡಿದು ಶುರು ಮಾಡಿ ಎಂದೆ. ಗುಣಾಂಕ 0.025 ಎಂದರೆ ವೇಗ 1.08 ಮೀಟರ್. ಆ ವೇಗದಿಂದ ಹೊಸ ಗುಣಾಂಕ 0.0238. ಅದರಿಂದ ವೇಗ 1.107. ಇನ್ನೊಂದು ಸುತ್ತಿಗೆ 1.11, ಅಲ್ಲಿಗೆ ನಿಂತಿತು. ಮೂರು ಸಾಲಿನ ಕೆಲಸ. ಬಕೆಟ್ ತುಂಬಲು 34 ಸೆಕೆಂಡು. ಜಾಯಿಂಟು, ಬಾಗು, ಬಾಯಿಯ ಜಾಲರಿಗೆಂದು ಇನ್ನರ್ಧ ಮೀಟರ್ ಎತ್ತರ ಬಿಟ್ಟುಕೊಟ್ಟರೂ 34 ದಾಟಿ 35ರ ಹತ್ತಿರ.

ಈ ಹೊತ್ತಿಗೆ ಒಬ್ಬನ ಉತ್ತರ 19 ಸೆಕೆಂಡು ಬಂದಿತ್ತು. ಪೈಪಿನ ಮೇಲೆ 32 ಎಂದು ಬರೆದಿತ್ತು, ಅದನ್ನೇ ವ್ಯಾಸ ಎಂದು ಹಾಕಿದ್ದ. ಈ ಕಪ್ಪು ಪೈಪುಗಳ ಮೇಲೆ ಬರೆದಿರುವುದು ಹೊರಗಿನ ವ್ಯಾಸ. ಒಳಗಿನದು ಅಳೆದರೆ 26 ಮಿ.ಮೀ. ಅವನ ತಪ್ಪಿನಿಂದ ಒಳ್ಳೆಯ ಪ್ರಶ್ನೆಯೊಂದು ಹುಟ್ಟಿತು: ನಮ್ಮ ಅಳತೆಗಳಲ್ಲಿ ಯಾವುದು ಸ್ವಲ್ಪ ತಪ್ಪಿದರೂ ಕೆಡುತ್ತದೆ? ಉದ್ದದಲ್ಲಿ ಹತ್ತು ಮೀಟರ್ ತಪ್ಪಿದರೆ ಹರಿವು ಬದಲಾಗುವುದು ಶೇಕಡಾ ಒಂದೂವರೆಯಷ್ಟು. ಎತ್ತರದಲ್ಲಿ ಅರ್ಧ ಮೀಟರ್ ತಪ್ಪಿದರೆ ಶೇಕಡಾ ಒಂದು ಚಿಲ್ಲರೆ. ಆದರೆ ಒಳವ್ಯಾಸ 26ರ ಬದಲು 27 ಆದರೆ ಹರಿವು ಶೇಕಡಾ ಹತ್ತಕ್ಕಿಂತ ಜಾಸ್ತಿ ಏರುತ್ತದೆ, ಯಾಕೆಂದರೆ ಹರಿವು ವ್ಯಾಸದ ಸುಮಾರು 2.7ನೇ ಘಾತದ ಜೊತೆ ಓಡುತ್ತದೆ. ಅರ್ಧ ದಿನ ಬೆವರು ಸುರಿಸಿ ಎತ್ತರ ಅಳೆದಿದ್ದೆವು. ವ್ಯಾಸವನ್ನು ಮಾತ್ರ ಸ್ಕೇಲ್ ಇಟ್ಟು ಅರ್ಧ ನಿಮಿಷದಲ್ಲಿ ಮುಗಿಸಿದ್ದೆವು. ನಾಚಿಕೆಯಾಯಿತು.

ಮತ್ತೆ ಹೋದೆವು. ಅದೇ ಪೈಪಿನ ಉಳಿದ ತುಂಡೊಂದು ಕೊಟ್ಟಿಗೆಯ ಅಟ್ಟದ ಮೇಲಿತ್ತು. ಸರಿಯಾಗಿ ಒಂದು ಮೀಟರ್ ಕತ್ತರಿಸಿ, ಒಂದು ತುದಿ ಮುಚ್ಚಿ, ನೀರು ತುಂಬಿ ತೂಗಿದೆವು. 530 ಗ್ರಾಂ ನೀರು. ಲೆಕ್ಕ ಹಾಕಿದರೆ ಒಳವ್ಯಾಸ 26 ಮಿ.ಮೀ. ಕ್ಯಾಲಿಪರಿಗಿಂತ ಈ ಉಪಾಯ ನನಗೆ ಇಷ್ಟ. ಕ್ಯಾಲಿಪರ್ ಕತ್ತರಿಸಿದ ಬಾಯಿಯೊಂದನ್ನೇ ನೋಡುತ್ತದೆ, ನೀರು ಇಡೀ ಮೀಟರನ್ನು ನೋಡುತ್ತದೆ.

ಈಗ ಮಾದರಿ ಹೇಳುವುದು 34 ರಿಂದ 35. ಬಕೆಟ್ ಹೇಳುವುದು 40. ಇದು ಅಳತೆಯ ತಪ್ಪಲ್ಲ.

ಚುರುಕಾದ ಹುಡುಗನೊಬ್ಬ ಕೂಡಲೇ ಪರಿಹಾರ ತಂದ. "ಸಾರ್, ಗುಣಾಂಕ 0.033 ಅಂತ ಇಟ್ರೆ ಸರಿಯಾಗಿ 40 ಬರುತ್ತೆ." ಬರುತ್ತದೆ, ನಿಜ. ಒಂದು ತಿರುಗಣೆ, ಒಂದು ಅಳತೆ ಇದ್ದರೆ ಏನನ್ನು ಬೇಕಾದರೂ ಕೂರಿಸಬಹುದು. ಅವನ ವಾದ ತೀರಾ ಪೊಳ್ಳೂ ಅಲ್ಲ. ಪೈಪಿನ ಒಳಗೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಒರಟು ಬಂದಿದ್ದರೂ ಗುಣಾಂಕ ಅಷ್ಟಾಗುತ್ತದೆ. ಚಿಕ್ಕಪ್ಪನ ಪಾಚಿಯ ವಾದಕ್ಕೆ ಗಣಿತದ ಬೆಂಬಲ ಸಿಕ್ಕ ಹಾಗಾಯಿತು.

ಆದರೆ ಲೆಕ್ಕವನ್ನು ತಿರುಗಿಸಿ ನೋಡಿ ಎಂದೆ. ಸೆಕೆಂಡಿಗೆ ಅರ್ಧ ಲೀಟರ್ ಹರಿಯುತ್ತಿರುವುದು ಖಚಿತ. ಆ ಹರಿವಿಗೆ ನುಣುಪಾದ ಪೈಪಿನಲ್ಲಿ ಘರ್ಷಣೆಗೆ ಖರ್ಚಾಗುವ ಎತ್ತರ 18 ಮೀಟರ್. ಜಾಯಿಂಟುಗಳಿಗೆ ಅರ್ಧ ಮೀಟರ್. ಇದ್ದದ್ದು 24. ಉಳಿದ ಐದೂವರೆ ಮೀಟರ್ ಎಲ್ಲಿ ಹೋಯಿತು? ಹಾಗೆ ಕೇಳಿದ ಮೇಲೆ ಪ್ರಶ್ನೆಯ ಮುಖವೇ ಬದಲಾಯಿತು. "ನೀರು ಯಾಕೆ ಕಡಿಮೆ" ಎಂಬುದಕ್ಕೆ ನೂರು ಉತ್ತರ ಇರಬಹುದು. "ಐದೂವರೆ ಮೀಟರ್ ಎತ್ತರವನ್ನು ಯಾವುದು ನುಂಗುತ್ತಿದೆ" ಎಂಬುದಕ್ಕೆ ಅಷ್ಟಿಲ್ಲ.

ಅಭ್ಯರ್ಥಿಗಳು ಮೂವರು: ಪಾಚಿ, ಕಸ, ಗಾಳಿ. ಗಾಳಿ ಹೇಗೆ ಎತ್ತರ ನುಂಗುತ್ತದೆ ಎನ್ನುವುದು ಮಕ್ಕಳಿಗೆ ಹೊಳೆದಿರಲಿಲ್ಲ. ಪೈಪು ದಿಬ್ಬವೊಂದನ್ನು ಹತ್ತಿ ಇಳಿಯುತ್ತದೆ ಎಂದುಕೊಳ್ಳಿ. ಖಾಲಿ ಪೈಪಿಗೆ ನೀರು ಬಿಟ್ಟಾಗ ದಿಬ್ಬದ ನೆತ್ತಿಯಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಹರಿವು ಅದನ್ನು ಇಳಿಜಾರಿನ ಕಡೆಗೆ ತಳ್ಳುತ್ತದೆ, ಪೂರ್ತಿ ಕೊಚ್ಚಿಕೊಂಡು ಹೋಗುವಷ್ಟು ಬಲ ಅದಕ್ಕಿಲ್ಲ. ಆ ಭಾಗದಲ್ಲಿ ನೀರು ಪೈಪು ತುಂಬದೆ ತಳದಲ್ಲಿ ತೆಳ್ಳಗೆ ಜಾರುತ್ತದೆ. ಮೇಲೆ ಗಾಳಿ, ಅದರ ಒತ್ತಡ ಈ ತುದಿಯಿಂದ ಆ ತುದಿಗೆ ಒಂದೇ. ಹಾಗಾಗಿ ಅಷ್ಟು ಎತ್ತರ ಇಳಿದರೂ ನೀರಿಗೆ ಒತ್ತಡದ ಲಾಭ ಸಿಗುವುದಿಲ್ಲ. ಗಾಳಿಯ ಗುಳ್ಳೆ ಎಷ್ಟು ಎತ್ತರ ಇಳಿದಿದೆಯೋ ಅಷ್ಟೂ ನಷ್ಟ.

ಮೂವರಲ್ಲಿ ಒಬ್ಬರನ್ನು ಆರಿಸಲು ಒಂದು ಪ್ರಯೋಗ ಬೇಕಿತ್ತು. ಹೊರಬಾಯಿಯನ್ನು ಏಣಿಯ ಮೇಲೆ ಮೂರು ಮೀಟರ್ ಎತ್ತಿ ಹಿಡಿಯೋಣ ಎಂದಳು ಆ ಮನೆಯ ಹುಡುಗಿ. ಕಸ ಅಥವಾ ಪಾಚಿಯ ನಷ್ಟ ಹರಿವಿನ ಜೊತೆ ಇಳಿಯುತ್ತದೆ, ಗಾಳಿಯ ನಷ್ಟ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಆದ್ದರಿಂದ ಬಕೆಟ್ ತುಂಬುವ ಸಮಯ ಬೇರೆ ಬೇರೆ ಬರಬೇಕು. ಯೋಚನೆ ಚೆನ್ನಾಗಿಯೇ ಇತ್ತು. ಏಣಿ ಹತ್ತುವ ಮೊದಲು ಲೆಕ್ಕ ಹಾಕಿಸಿದೆ. ಗಾಳಿಯಾದರೆ 44 ಸೆಕೆಂಡು, ಕಸವಾದರೆ 43. ನಮ್ಮ ಬಕೆಟ್ಟಿನ ತಪ್ಪೇ ಒಂದು ಸೆಕೆಂಡು! ಏಣಿಯನ್ನು ಕೊಟ್ಟಿಗೆಯಲ್ಲೇ ಬಿಟ್ಟೆವು.

ಎರಡನೆಯ ಉಪಾಯ ಬಾಯ್ಲನ ನಿಯಮದಿಂದ ಬಂತು: ಒತ್ತಡ ಏರಿದಷ್ಟೂ ಗಾಳಿ ಕುಗ್ಗುತ್ತದೆ. ಟ್ಯಾಂಕಿನ ಬಳಿ ಒಂದು ವಾಲ್ವ್ ಇದೆ, ಯಾವಾಗಲೂ ತೆರೆದೇ ಇರುತ್ತದೆ. ಅದನ್ನು ಮುಚ್ಚಿದರೆ ಪೈಪಿನೊಳಗಿನ ಒತ್ತಡ ಏರುತ್ತದೆ. (ಕೈಯಿಂದ ಮುಚ್ಚಿಬಿಡ್ತೀನಿ ಎಂದು ಒಬ್ಬ ಹೊರಟಿದ್ದ. 24 ಮೀಟರ್ ನೀರಿನ ಒತ್ತಡ, 26 ಮಿ.ಮೀ. ಬಾಯಿ: ಹನ್ನೆರಡು ಕಿಲೋ ಮೀರಿದ ಭಾರ. ಲೆಕ್ಕ ನೋಡಿ ಕೈ ಹಿಂದೆ ತೆಗೆದ.) ಒಳಗೆ ಗಾಳಿ ಇದ್ದರೆ ಅದು ಹಿಸುಕಿಕೊಂಡು ಸ್ಪ್ರಿಂಗಿನಂತೆ ಕೂರುತ್ತದೆ. ವಾಲ್ವ್ ತೆರೆದ ಕೂಡಲೇ ಆ ಸ್ಪ್ರಿಂಗು ಬಿಚ್ಚಿಕೊಂಡು, ಮೊದಲು ಮಾಮೂಲಿಗಿಂತ ರಭಸವಾಗಿ ಉಗುಳಿ, ಆಮೇಲೆ ಇಳಿಯಬೇಕು. ಗಾಳಿ ಇಲ್ಲದಿದ್ದರೆ ಹಾಗಾಗುವುದಿಲ್ಲ. 420 ಮೀಟರ್ ನೀರು ನಿಂತಲ್ಲಿಂದ ಚಲಿಸಬೇಕು, ಹರಿವು ಸೊನ್ನೆಯಿಂದ ಏರಿ ಮಾಮೂಲಿಗೆ ಬಂದು ನಿಲ್ಲುತ್ತದೆ, ಅದನ್ನು ದಾಟುವುದಿಲ್ಲ. ಪಾಚಿಗೂ ಕಸಕ್ಕೂ ಸ್ಪ್ರಿಂಗಿಲ್ಲ.

ಐದು ನಿಮಿಷ ಮುಚ್ಚಿ ತೆರೆದೆವು. ನೀರು ಬಕೆಟ್ಟನ್ನು ಹಿಡಿದವನ ಕೈಯಿಂದ ಪಕ್ಕಕ್ಕೆ ತಳ್ಳಿ ಅಂಗಳಕ್ಕೆ ಚಿಮ್ಮಿತು. ಒಂದೆರಡು ಸೆಕೆಂಡು, ಆಮೇಲೆ ಮಾಮೂಲಿ. ಮತ್ತೆ ಮಾಡಿದೆವು, ಮತ್ತೆ ಹಾಗೇ. ಅಜ್ಜ ಜಗಲಿಯಲ್ಲಿ ಕವಳ ಹಾಕುತ್ತಾ ಏನೂ ಹೇಳಲಿಲ್ಲ.

ಇನ್ನು ಜಾಗ. ಎತ್ತರ ಅಳೆದ ಪುಸ್ತಕದಲ್ಲಿ ಪೈಪಿನ ದಾರಿಯೆಲ್ಲ ಇತ್ತು. ಹತ್ತಿ ಇಳಿಯುವ ಕಡೆಗಳು ಮೂರು. ಮೊದಲ ಎರಡರಲ್ಲಿ ಇಳಿಜಾರು ಒಂದೆರಡು ಮೀಟರ್, ಅಲ್ಲಿ ಐದೂವರೆ ಮೀಟರಿನ ಗಾಳಿಗೆ ಜಾಗವೇ ಇಲ್ಲ. ಮೂರನೆಯದು ಹೊಂಡದಿಂದ 300 ಮೀಟರ್ ದೂರದಲ್ಲಿ. ಹಳ್ಳ ದಾಟಿದ ಪೈಪು ಒಂದು ದಿಬ್ಬ ಏರುತ್ತದೆ. ಅದರ ನೆತ್ತಿ ಟ್ಯಾಂಕಿನ ಬಾಯಿಗಿಂತ 6 ಮೀಟರ್ ಮೇಲೆ. ಅಲ್ಲಿಂದ ತೋಟದ ಅಗಳಕ್ಕೆ ಆರೂವರೆ ಮೀಟರ್ ಇಳಿಯುತ್ತದೆ. ಬೇರೆಲ್ಲೂ ಹುಡುಕುವ ಅಗತ್ಯ ಇರಲಿಲ್ಲ.

ಗಾಳಿ ಹೊರಗೆ ಬಿಡಲು ಆ ನೆತ್ತಿಯಲ್ಲಿ ಪೈಪಿಗೆ ತೂತು ಮಾಡಬೇಕು. ಅದಕ್ಕೆ ಮೊದಲು ಇನ್ನೊಂದು ಲೆಕ್ಕ ಇತ್ತು. ಇದನ್ನು ಬಿಟ್ಟವರು ಕೈ ಸುಟ್ಟುಕೊಳ್ಳುತ್ತಾರೆ. ದಿಬ್ಬದ ನೆತ್ತಿಯಲ್ಲಿ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಜಾಸ್ತಿಯೋ ಕಡಿಮೆಯೋ? ಕಡಿಮೆ ಇದ್ದರೆ ತೂತಿನಿಂದ ಗಾಳಿ ಹೊರಗೆ ಬರುವ ಬದಲು ಒಳಗೆ ಹೋಗುತ್ತದೆ, ರೋಗ ವಾಸಿಯಾಗುವ ಬದಲು ಉಲ್ಬಣಿಸುತ್ತದೆ. ಗಾಳಿ ಇರುವಾಗ ಅಲ್ಲಿ ಸುಮಾರು 4.7 ಮೀಟರ್ ನೀರಿನಷ್ಟು ಹೆಚ್ಚಿನ ಒತ್ತಡ, ಅದು ಸರಿ. ಗಾಳಿ ಹೋಗಿ ಹರಿವು ಪೂರ್ತಿಯಾದ ಮೇಲೆ? ಉಳಿದ 120 ಮೀಟರ್ ಪೈಪಿಗೆ ಬೇಕಾಗುವ ಎತ್ತರ 6.8 ಮೀಟರಿನಷ್ಟು, ದಿಬ್ಬ ಇರುವುದು 6ರಲ್ಲಿ. ಉಳಿಯುವುದು ಒಂದು ಮೀಟರಿಗೂ ಕಡಿಮೆ, ಆದರೂ ಜಾಸ್ತಿ ಕಡೆಗೇ. ದಿಬ್ಬ ಇನ್ನೊಂದು ಮೀಟರ್ ಎತ್ತರ ಇದ್ದಿದ್ದರೆ ಈ ಉಪಾಯ ನಡೆಯುತ್ತಲೇ ಇರಲಿಲ್ಲ. ಪೈಪಿನ ದಾರಿಯನ್ನೇ ಬದಲಿಸಬೇಕಿತ್ತು.

ಕಾಯಿಸಿದ ಮೊಳೆಯಿಂದ ನೆತ್ತಿಯಲ್ಲಿ ತೂತು ಮಾಡಿದರು ಅವಳ ಅಪ್ಪ. ಸುಯ್ ಎಂದು ಸದ್ದು ಬಂತು. ಅದು ನಿಂತ ಮೇಲೆ ಪುಸುಪುಸು ನೀರು, ಆಮೇಲೆ ಮೊಳಕಾಲೆತ್ತರದ ಒಂದು ಎಳೆ. ಆ ಎಳೆಯ ಎತ್ತರವನ್ನು ಹುಡುಗಿ ಕೂಡಲೇ ಸ್ಕೇಲ್ ಹಿಡಿದು ಅಳೆದು ಬರೆದುಕೊಂಡಳು. ನಾನು ಹೇಳಿಕೊಟ್ಟದ್ದಲ್ಲ. ಒಂದು ಮೀಟರಿಗಿಂತ ಕಡಿಮೆ ಎಂಬ ನಮ್ಮ ಲೆಕ್ಕಕ್ಕೆ ಅದು ಒಪ್ಪುತ್ತಿತ್ತು. ಎಳೆ ಸಣ್ಣದಾದ್ದರಿಂದ ಸ್ವಲ್ಪ ಎತ್ತರ ತೂತಿನಲ್ಲೇ ಕಳೆದುಹೋಗಿರುತ್ತದೆ.

ಕೆಳಗೆ ಬಂದು ಬಕೆಟ್ ಹಿಡಿದೆವು. 35 ಸೆಕೆಂಡು.

ತೂತಿಗೆ ಒಂದು ತೆಳು ಕೊಳವೆ ಸಿಕ್ಕಿಸಿ, ಎರಡು ಮೀಟರ್ ಎತ್ತರಕ್ಕೆ ಪಕ್ಕದ ಮರಕ್ಕೆ ಕಟ್ಟಿದೆವು. ಬಾಯಿ ತೆರೆದೇ ಇದೆ. ಮುಂದೆ ಗಾಳಿ ಸೇರಿದರೂ ಅಲ್ಲಿಂದಲೇ ಹೋಗುತ್ತದೆ. ಕೆಳಗಿನ ವಾಲ್ವ್ ಮುಚ್ಚಿದರೆ ಮಾತ್ರ ಆ ಕೊಳವೆಯಿಂದ ಕಾರಂಜಿ ಏಳುತ್ತದೆ. ಮಕ್ಕಳು ಇದನ್ನು ಲೆಕ್ಕದಲ್ಲಿ ತೋರಿಸಿದ್ದು ಸಾಲದೆಂದು ವಾಲ್ವ್ ಮುಚ್ಚಿಯೂ ನೋಡಿದರು.

ವರದಿಯಲ್ಲಿ ಅವಳು ಟಾರಿಸೆಲ್ಲಿ, ಪ್ವಾಸೇ ಎರಡೂ ಲೆಕ್ಕಗಳನ್ನು ಹಾಗೇ ಇಟ್ಟಳು. 19 ಸೆಕೆಂಡಿನ ತಪ್ಪನ್ನೂ ಬಿಡಲಿಲ್ಲ. ತಪ್ಪಿದ್ದನ್ನು ಯಾಕೆ ಬರೆದಿದ್ದೀರಿ ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರಂತೆ. ಅವಳು ಏನು ಹೇಳಿದಳೋ, ಅಂಕವಂತೂ ಬಂತು.

ಏಪ್ರಿಲಿನಲ್ಲಿ ಫೋನು ಬಂತು. ಬಕೆಟ್ಟಿಗೆ 52 ಸೆಕೆಂಡು ಆಗುತ್ತಿದೆಯಂತೆ. ಮೊದಲಿಗಿಂತಲೂ ಕಡೆ. ನಾನು ಆಗಲೇ ಕಾಗದ ಎಳೆದುಕೊಂಡು ಲೆಕ್ಕ ಶುರು ಮಾಡಿದ್ದೆ: ಸೆಕೆಂಡಿಗೆ 0.38 ಲೀಟರ್, ಹಾಗಾದರೆ ನಷ್ಟವಾದ ಎತ್ತರ ಇಷ್ಟು, ಗಾಳಿ ಇರಬಹುದಾದ ಜಾಗ ಇಂಥದ್ದು. ಅಷ್ಟರಲ್ಲಿ ಅಜ್ಜ ಫೋನು ತೆಗೆದುಕೊಂಡರು.

"ಗಾಳಿ ಅಲ್ಲ ಮೇಷ್ಟ್ರೆ. ಈ ಸಲ ಹೊಂಡದಲ್ಲೇ ನೀರಿಲ್ಲ."